ಆಸ್ಟೇರ್-ರಾಜರ್ಸ್ ಡ್ಯಾನ್ಸ್ ನೋಡೋದು ಹೇಗೆ: ಯಾವುದ್ರಿಂದ ಶುರು ಮಾಡ್ಬೇಕು, ಕಣ್ಣು ಎಲ್ಲಿಡಬೇಕು

ಹಳೇ ಹಾಲಿವುಡ್ ಮ್ಯೂಸಿಕಲ್ ಹಾಕ್ಕೊಂಡು ಕಾಲು ಗಂಟೆಗೆ ಬೋರ್ ಹೊಡೆದು ಆಫ್ ಮಾಡ್ಬಿಟ್ಟೆ ಅಂತ ನನ್ನ ಫ್ರೆಂಡ್ಸಲ್ಲಿ ಸುಮಾರು ಜನ ಹೇಳಿದಾರೆ. ಅವ್ರನ್ನ ತಪ್ಪು ಅನ್ನಲ್ಲ. ಆ ಸಿನಿಮಾಗಳ ಕಥೆ ತೆಳು, ಯಾರೋ ಯಾರನ್ನೋ ಇನ್ಯಾರೋ ಅಂದ್ಕೊಂಡು ಒಂದೂವರೆ ಗಂಟೆ ಗೊಂದಲ ಮಾಡ್ಕೊಳ್ತಾರೆ ಅಷ್ಟೆ. ಆದ್ರೆ ಅದೇ ಸಿನಿಮಾಗಳಲ್ಲಿ ನಾಲ್ಕೈದು ನಿಮಿಷದ ಡ್ಯಾನ್ಸ್ ಬರತ್ತಲ್ಲ, ಅದನ್ನ ಹೇಗೆ ನೋಡ್ಬೇಕು ಅಂತ ಒಂದ್ಸಲ ಗೊತ್ತಾದ್ರೆ ಆಮೇಲೆ ಬಿಡೋಕಾಗಲ್ಲ, ನನಗಂತೂ ಹತ್ತು ವರ್ಷದಿಂದ ಬಿಟ್ಟಿಲ್ಲ. ಅದಕ್ಕೇ ಫ್ರೆಡ್ ಆಸ್ಟೇರ್ ಮತ್ತೆ ಜಿಂಜರ್ ರಾಜರ್ಸ್ ಜೋಡಿಯನ್ನ ಹೊಸದಾಗಿ ನೋಡೋರು ಹೇಗೆ ಶುರು ಮಾಡ್ಬೇಕು ಅಂತ ಇಲ್ಲಿ ಬರೀತಿದೀನಿ.

ಇವರಿಬ್ರು ಒಟ್ಟಿಗೆ ಮಾಡಿದ್ದು ಹತ್ತು ಸಿನಿಮಾ. 1933ರಿಂದ 1939ರ ಒಳಗೆ ಆರ್‌ಕೆಒ ಸ್ಟುಡಿಯೋಗೆ ಒಂಬತ್ತು, ಆಮೇಲೆ ಹತ್ತು ವರ್ಷ ಗ್ಯಾಪ್ ಆಗಿ 1949ರಲ್ಲಿ ಎಂಜಿಎಂಗೆ ಒಂದು, ಅದೊಂದೇ ಕಲರ್. ಆಸ್ಟೇರ್ ಹುಟ್ಟಿದ್ದು 1899ರಲ್ಲಿ, ಸಣ್ಣ ಹುಡುಗ ಇದ್ದಾಗಿಂದ ಅಕ್ಕ ಅಡೆಲ್ ಜೊತೆ ಸ್ಟೇಜ್ ಮೇಲೆ ಕುಣೀತಿದ್ದೋನು. 1932ರಲ್ಲಿ ಅಕ್ಕ ಮದುವೆ ಆಗಿ ಸ್ಟೇಜ್ ಬಿಟ್ರು, ಇವನು ಮೂವತ್ನಾಲ್ಕು ವರ್ಷಕ್ಕೆ ಜೋಡಿ ಇಲ್ಲದೆ ಸಿನಿಮಾಗೆ ಬಂದ. ಜಿಂಜರ್ ಹನ್ನೆರಡು ವರ್ಷ ಚಿಕ್ಕೋಳು, ಟೆಕ್ಸಸ್‌ನಲ್ಲಿ ಚಾರ್ಲ್ಸ್ಟನ್ ಡ್ಯಾನ್ಸ್ ಸ್ಪರ್ಧೆ ಗೆದ್ದು ಮೇಲೆ ಬಂದ ಹುಡುಗಿ, ಅಷ್ಟೊತ್ತಿಗೆ ಆಗಲೇ ಒಂದಷ್ಟು ಸಿನಿಮಾ ಮಾಡಿ ಆಗಿತ್ತು. ಇಷ್ಟು ಗೊತ್ತಿದ್ರೆ ಸಾಕು, ಉಳಿದಿದ್ದು ಡ್ಯಾನ್ಸೇ ಹೇಳತ್ತೆ.

ನೋಡೋಕೆ ಕೂರೋ ಮುಂಚೆ ಒಂದು ಕೆಲಸ ಮಾಡಿ, ಇದನ್ನ ಯಾರೂ ಹೇಳಲ್ಲ. ನಿಮ್ಮ ಟಿವಿ ಸೆಟ್ಟಿಂಗ್ಸ್‌ಗೆ ಹೋಗಿ ಸ್ಟ್ರೆಚ್ ಅಥವಾ ಝೂಮ್ ಆನ್ ಇದ್ರೆ ಆಫ್ ಮಾಡಿ. ಆ ಕಾಲದ ಸಿನಿಮಾ ಫ್ರೇಮು ಹೆಚ್ಚುಕಮ್ಮಿ ಚೌಕ, ಇವತ್ತಿನ ಟಿವಿ ಉದ್ದಕ್ಕಿರತ್ತೆ, ಹಾಗಾಗಿ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬರಲೇಬೇಕು. ಆ ಪಟ್ಟಿ ಕಣ್ಣಿಗೆ ಚೆನ್ನಾಗಿಲ್ಲ ಅಂತ ಝೂಮ್ ಮಾಡಿದ್ರೋ ಮೇಲೆ ತಲೆ ಕೆಳಗೆ ಕಾಲು ಕಟ್ ಆಗೋಗತ್ತೆ, ಕಾಲೇ ಕಾಣದ ಮೇಲೆ ಡ್ಯಾನ್ಸ್ ನೋಡಿ ಏನು ಪ್ರಯೋಜನ ಹೇಳಿ. ಸ್ಟ್ರೆಚ್ ಮಾಡಿದ್ರೆ ಸಣಕಲು ಆಸ್ಟೇರ್ ದಪ್ಪಗೆ ಕಾಣ್ತಾನೆ, ಆ ಮನುಷ್ಯನ ಉದ್ದ ಗೆರೆಯಂಥ ಮೈಕಟ್ಟೇ ಅರ್ಧ ಡ್ಯಾನ್ಸು. ಮೋಷನ್ ಸ್ಮೂತಿಂಗ್ ಅಂತ ಇನ್ನೊಂದಿರತ್ತೆ, ಅದನ್ನೂ ಆಫ್ ಮಾಡಿ, ಇಲ್ಲಾಂದ್ರೆ ಎಲ್ಲ ಸೀರಿಯಲ್ ಥರ ಜಾರ್ಕೊಂಡು ಹೋಗತ್ತೆ. ಬಣ್ಣ ಹಾಕಿದ ವರ್ಷನ್ ಸಿಕ್ಕಿದ್ರೆ ದಯವಿಟ್ಟು ಬೇಡ, ಬಿಳೀ ನೆಲ, ಕಪ್ಪು ಸೂಟು, ಹೊಳೆಯೋ ಗೌನು, ಎಲ್ಲ ಕಪ್ಪು-ಬಿಳುಪಿಗೆ ಅಂತಾನೇ ಮಾಡಿರೋದು.

ಈಗ ಎಲ್ಲಿಂದ ಶುರು ಅನ್ನೋದು. ಮೊದಲನೇ ಸಿನಿಮಾ ಫ್ಲೈಯಿಂಗ್ ಡೌನ್ ಟು ರಿಯೋ, 1933, ಅದ್ರಿಂದ ಶುರು ಮಾಡ್ಬೇಡಿ. ಅದ್ರಲ್ಲಿ ಇವರಿಬ್ರು ಹೀರೋ ಹೀರೋಯಿನ್ ಅಲ್ಲ, ಟೈಟಲ್‌ನಲ್ಲಿ ನಾಲ್ಕನೇ ಐದನೇ ಹೆಸರು, ಕರಿಯೋಕಾ ಅನ್ನೋ ಹಾಡಲ್ಲಿ ಹಣೆಗೆ ಹಣೆ ಆನಿಸ್ಕೊಂಡು ಸ್ವಲ್ಪ ಹೊತ್ತು ಕುಣೀತಾರೆ. ಅದನ್ನ ಆಮೇಲೆ ನೋಡಿದ್ರೆ ಓಹ್ ಇಲ್ಲಿಂದ ಶುರುವಾಯ್ತಾ ಅಂತ ಖುಷಿಯಾಗತ್ತೆ, ಮೊದಲೇ ನೋಡಿದ್ರೆ ಏನೂ ಅನ್ಸಲ್ಲ.

ಶುರು ಮಾಡ್ಬೇಕಾದ್ದು 1935ರ ಟಾಪ್ ಹ್ಯಾಟ್, ಅದ್ರಲ್ಲೂ ಮಳೆ ಡ್ಯಾನ್ಸ್. ಲಂಡನ್ನಿನ ಒಂದು ಪಾರ್ಕು, ಕುದುರೆ ಸವಾರಿಗೆ ಬಂದ ಜಿಂಜರ್, ಮಳೆ ಬಂತು ಅಂತ ಬ್ಯಾಂಡ್‌ನವರು ನುಡಿಸೋ ಮಂಟಪದ ಕೆಳಗೆ ನಿಂತಿದಾಳೆ, ಇವನೂ ಬಂದು ಸೇರ್ಕೊಳ್ತಾನೆ. ಅವಳಿಗೆ ಇವನ ಮೇಲೆ ಕೋಪ ಇನ್ನೂ ಇಳಿದಿಲ್ಲ. ಅವಳು ಹಾಕಿರೋದು ಗೌನ್ ಅಲ್ಲ, ಸವಾರಿ ಪ್ಯಾಂಟು, ತಲೆ ಮೇಲೆ ಹ್ಯಾಟು. ಇವನು ಹಾಡ್ತಾನೆ, ಅವಳು ಅವನಿಗೆ ಬೆನ್ನು ಹಾಕಿ ಕೂತಿರ್ತಾಳೆ. ಇಲ್ಲಿ ಹಾಡೋನನ್ನ ನೋಡ್ಬೇಡಿ, ಅವಳ ಮುಖ ನೋಡಿ. ಅವನಿಗೆ ಕಾಣದ್ದು ನಮಗೆ ಕಾಣತ್ತೆ, ಬಿಗಿದಿದ್ದ ಮುಖ ಚೂರು ಚೂರೇ ಸಡಿಲ ಆಗ್ತಾ ಹೋಗತ್ತೆ.

ಹಾಡು ಮುಗಿದ ಮೇಲೆ ಅವನು ಸುಮ್ನೆ ಶಿಳ್ಳೆ ಹಾಕ್ಕೊಂಡು ಅಡ್ಡಾಡೋಕೆ ಶುರು ಮಾಡ್ತಾನೆ, ಅವಳು ಎದ್ದು ಹಿಂದೇನೇ ಬರ್ತಾಳೆ, ಅವನ ನಡಿಗೆನೇ ಕಾಪಿ ಹೊಡ್ಕೊಂಡು. ಅವನೊಂದು ಹೆಜ್ಜೆ ಹಾಕ್ತಾನೆ, ಅವಳು ಅದನ್ನೇ ಹಾಕಿ ತೋರಿಸ್ತಾಳೆ, ಅವನು ಸ್ವಲ್ಪ ಕಷ್ಟದ್ದು ಹಾಕ್ತಾನೆ, ಅವಳು ಅದನ್ನೂ ಹಾಕ್ತಾಳೆ, ಇಷ್ಟೇನಾ ಅನ್ನೋ ಥರ. ಇನ್ನೂ ಒಬ್ಬರನ್ನೊಬ್ಬರು ಮುಟ್ಟಿಲ್ಲ. ಆಮೇಲೆ ಗುಡುಗು ಹೊಡೆದು ಮ್ಯೂಸಿಕ್ ಸ್ಪೀಡ್ ಆಗತ್ತೆ, ಇಬ್ರೂ ಒಬ್ಬರನ್ನೊಬ್ಬರು ಹಿಡ್ದು ಗಿರಗಿರ ತಿರುಗ್ತಾರೆ, ಅವನು ಅವಳನ್ನ ತಿರುಗಿಸಿದ ಹಾಗೇ ಅವಳೂ ಅವನನ್ನ ತಿರುಗಿಸ್ತಾಳೆ. ಕೊನೆಗೆ ಮಂಟಪದ ಅಂಚಲ್ಲಿ ಕೂತು ಕೈ ಚಾಚಿ ಮಳೆ ಇದೆಯಾ ನೋಡಿ, ಆ ಕೈಯನ್ನೇ ಒಬ್ಬರಿಗೊಬ್ಬರು ಕುಲುಕ್ತಾರೆ. ಮುತ್ತಿಲ್ಲ, ಅಪ್ಪುಗೆ ಇಲ್ಲ, ಇಬ್ರು ಸರಿಸಮ ಅಂತ ಒಪ್ಕೊಂಡ ಹಾಗೆ ಬರೀ ಕೈ ಕುಲುಕೋದು.

ಇದನ್ನ ನನಗೆ ನೋಡೋಕೆ ಕಲಿಸಿದ್ದು ನಮ್ಮಮ್ಮ. ಒಂದು ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದೆ, ಅಮ್ಮ ಹಜಾರದಲ್ಲಿ ಕೂತು ಅವರೆಕಾಯಿ ಬಿಡಿಸ್ತಿದ್ರು, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಹೆಡ್‌ಫೋನ್ ಹಾಕಿ ಇದನ್ನೇ ನೋಡ್ತಿದ್ದೆ. ಅಮ್ಮಂಗೆ ಸೌಂಡ್ ಕೇಳಿಸ್ತಿರಲಿಲ್ಲ, ಕೇಳಿಸಿದ್ರೂ ಇಂಗ್ಲಿಷ್ ಬರಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ತೋಳು ತಟ್ಟಿ, "ಅವ್ಳು ಅವನನ್ನ ಅಣಕಿಸ್ತಿದಾಳಲ್ವೇನೋ?" ಅಂದ್ರು. ನಾನು ಅದುವರೆಗೆ ಆ ಡ್ಯಾನ್ಸ್ ಹತ್ತು ಸಲ ನೋಡಿದ್ದೆ, ಆದ್ರೆ ನೋಡಿದ್ದು ಬರೀ ಅವನ ಕಾಲು, ಅಣಕಿಸೋದು ಕಂಡೇ ಇರಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು ಇಬ್ರೂ ನೋಡಿದ್ವಿ, ಗುಡುಗು ಬಂದು ಅವ್ರು ಕೈ ಹಿಡಿಯೋ ಜಾಗದಲ್ಲಿ ಅಮ್ಮ ಅವರೆಕಾಯಿ ಸಿಪ್ಪೆ ಕೈಯಲ್ಲೇ ಹಿಡ್ಕೊಂಡು, "ಹೂಂ, ಈಗ ಒಪ್ಕೊಂಡ್ಲು ನೋಡು" ಅಂದ್ರು.

ಅವತ್ತಿಂದ ನನ್ನ ರೂಲ್ ಒಂದೇ: ಲೀಡ್ ಮಾಡೋನ ಮೇಲೆ ಕಣ್ಣು ತಾನಾಗೇ ಹೋಗತ್ತೆ, ಅದನ್ನ ಎಳ್ಕೊಂಡು ಬಂದು ಜೊತೇಲಿರೋರ ಮೇಲೆ ಇಡ್ಬೇಕು. ಆಸ್ಟೇರ್‌ಗಿಂತ ಒಳ್ಳೆ ಟೆಕ್ನಿಕ್ ಇರೋ ಡ್ಯಾನ್ಸರ್ ಜಿಂಜರ್ ಅಲ್ಲ, ಅವನ ಆಮೇಲಿನ ಜೋಡಿಗಳಲ್ಲಿ ಅವಳಿಗಿಂತ ಗಟ್ಟಿ ಡ್ಯಾನ್ಸರ್‌ಗಳು ಇದಾರೆ. ಆದ್ರೂ ಇದೇ ಜೋಡಿ ಯಾಕೆ ನಿಂತಿದೆ ಅಂದ್ರೆ, ಹಾಡು ಶುರುವಾದ್ರೂ ಅವಳು ಪಾತ್ರ ಬಿಡಲ್ಲ. ಡೈಲಾಗ್ ಹೇಳುವಾಗ ಕೋಪ ಇದ್ರೆ ಮೊದಲ ಹೆಜ್ಜೇಲೂ ಕೋಪ ಇರತ್ತೆ, ಅದು ಎಲ್ಲಿ ಕರಗತ್ತೆ ಅಂತ ಬೆರಳಿಟ್ಟು ತೋರಿಸಬಹುದು. ಅವನು ಹೇಳೋದನ್ನ ಅವಳ ಮೈ ಕೇಳಿಸ್ಕೊಳ್ಳತ್ತೆ, ಆ ಕೇಳಿಸ್ಕೊಳ್ಳೋದು ನಮಗೆ ಕಾಣತ್ತೆ.

ಹಾಗಾಗಿ ಒಂದೊಂದು ಡ್ಯಾನ್ಸನ್ನೂ ಮೂರ್ನಾಲ್ಕು ಸಲ ನೋಡಿ. ಮೊದಲ ಸಲ ಏನೂ ಯೋಚ್ನೆ ಮಾಡ್ದೆ, ಸಿನಿಮಾ ಒಳಗೇ, ಕಥೆ ಎಲ್ಲಿಗೆ ಬಂದಿದೆ ಅಂತ ಗೊತ್ತಿದ್ದು ನೋಡಿ. ಬರೀ ಕ್ಲಿಪ್ ಹುಡ್ಕಿ ನೋಡೋರು ತುಂಬಾ ಕಳ್ಕೊಳ್ತಾರೆ. ಎರಡನೇ ಸಲ ಸೌಂಡ್ ಮ್ಯೂಟ್ ಮಾಡಿ ನೋಡಿ, ನಮ್ಮಮ್ಮ ನೋಡಿದ ಹಾಗೆ, ಮಾತು ಮ್ಯೂಸಿಕ್ ಇಲ್ದೇನೂ ಯಾರು ಯಾರಿಗೆ ಏನು ಹೇಳ್ತಿದಾರೆ ಅಂತ ತಿಳಿಯತ್ತೆ. ಮೂರನೇ ಸಲ ಅವಳನ್ನ ಮಾತ್ರ.

ನಾಲ್ಕನೇ ಸಲ ಕ್ಯಾಮೆರಾ ನೋಡಿ, ಕಟ್ ಎಣಿಸಿ. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ನಾವೆಲ್ಲ ಹಾಡು ಅಂದ್ರೆ ಎರಡು ಸೆಕೆಂಡಿಗೊಂದು ಕಟ್, ಮುಖ, ಸೊಂಟ, ಕಾಲು, ಬೆಟ್ಟ, ಮತ್ತೆ ಮುಖ, ಹೀಗೆ ನೋಡಿ ಬೆಳೆದೋರು. ಆಸ್ಟೇರ್ ಸಿನಿಮಾಗೆ ಬಂದಾಗ್ಲೂ ಹಾಲಿವುಡ್‌ನಲ್ಲಿ ಅದೇ ನಡೀತಿತ್ತು, ನೂರು ಹುಡುಗೀರನ್ನ ಚಕ್ರದ ಹಾಗೆ ಮಲಗಿಸಿ ಮೇಲಿಂದ ಶೂಟ್ ಮಾಡೋದು, ಮಧ್ಯದಲ್ಲಿ ಮುಖ ಕಾಲು ಕಟ್ ಮಾಡಿ ತುರುಕೋದು. ಅವನು ಹಠ ಹಿಡಿದ: ತಲೆಯಿಂದ ಪಾದದವರೆಗೆ ಇಡೀ ಮೈ ಕಾಣ್ಬೇಕು, ಕ್ಯಾಮೆರಾ ನಮ್ಮ ಜೊತೆ ಸದ್ದಿಲ್ದೆ ಜರುಗಬೇಕು, ಆದಷ್ಟೂ ಕಟ್ ಮಾಡ್ಕೂಡ್ದು. ಸಭಾಂಗಣದಲ್ಲಿ ಕೂತು ಭರತನಾಟ್ಯ ನೋಡುವಾಗ ಕಣ್ಣು, ಕೈ, ಮಂಡಿ, ಪಾದ ಎಲ್ಲ ಒಟ್ಟಿಗೆ ಕಾಣತ್ತಲ್ಲ, ಎಲ್ಲಿ ನೋಡ್ಬೇಕು ಅಂತ ನಾವೇ ಆರಿಸ್ಕೊಳ್ತೀವಲ್ಲ, ಹಾಗೆ. ಅದಕ್ಕೇ ಮೊದಮೊದಲು ನಿಧಾನ ಅನ್ಸತ್ತೆ, ಆಮೇಲೆ ಇದು ಅಭ್ಯಾಸ ಆದ್ರೆ ಕಟ್ ಜಾಸ್ತಿ ಇರೋ ಹಾಡು ನೋಡೋಕೆ ಕಷ್ಟ ಆಗತ್ತೆ.

ಕಟ್ ಇಲ್ಲ ಅಂದ್ರೆ ತಪ್ಪು ಮುಚ್ಚೋಕೆ ಜಾಗ ಇಲ್ಲ ಅಂತ. ಅದಕ್ಕೆ ವಾರಗಟ್ಟಲೆ ರಿಹರ್ಸಲ್. ಹರ್ಮಿಸ್ ಪ್ಯಾನ್ ಅಂತ ಆಸ್ಟೇರ್ ಜೊತೆಗಿದ್ದ ಕೊರಿಯೋಗ್ರಾಫರ್, ಹೆಜ್ಜೆ ಕಟ್ಟೋವಾಗ ಜಿಂಜರ್ ಜಾಗದಲ್ಲಿ ಅವನೇ ನಿಂತು ಕುಣಿದು, ಆಮೇಲೆ ಅದನ್ನ ಅವಳಿಗೆ ಹೇಳ್ಕೊಡ್ತಿದ್ದ, ಯಾಕಂದ್ರೆ ಜಿಂಜರ್ ಆ ಟೈಮಲ್ಲಿ ಬೇರೆ ಬೇರೆ ಸಿನಿಮಾ ಶೂಟಿಂಗಲ್ಲೂ ಇರ್ತಿದ್ಲು. ಟ್ಯಾಪ್ ಸೌಂಡ್, ಅಂದ್ರೆ ಶೂ ತಳದ ಲೋಹ ನೆಲಕ್ಕೆ ಬಡಿಯೋ ತಾಳದ ಸದ್ದು, ಅದನ್ನೂ ಸಾಮಾನ್ಯವಾಗಿ ಶೂಟಿಂಗ್ ಆದ ಮೇಲೆ ಬೇರೆ ರೆಕಾರ್ಡ್ ಮಾಡಿ ಸೇರಿಸ್ತಿದ್ರು.

ಎರಡನೇ ಡ್ಯಾನ್ಸು: 1936ರ ಸ್ವಿಂಗ್ ಟೈಮ್‌ನಲ್ಲಿ ಡ್ಯಾನ್ಸ್ ಸ್ಕೂಲ್ ಸೀನ್. ನನಗೆ ಇಡೀ ಹತ್ತು ಸಿನಿಮಾದಲ್ಲಿ ಇದರಷ್ಟು ಖುಷಿ ಕೊಡೋದು ಇನ್ನೊಂದಿಲ್ಲ. ಅವಳು ಟೀಚರ್, ಇವನು ಅವಳ ಪರಿಚಯ ಮಾಡ್ಕೊಳ್ಳೋಕೆ ಡ್ಯಾನ್ಸ್ ಬರದೇ ಇರೋನ ಥರ ನಾಟಕ ಆಡ್ತಾನೆ, ಜಾರಿ ಬೀಳ್ತಾನೆ, ಅವಳನ್ನೂ ಬೀಳಿಸ್ತಾನೆ, ಮಾಲೀಕ ನೋಡಿ ಅವಳನ್ನ ಕೆಲಸದಿಂದ ತೆಗೆದೇ ಬಿಡ್ತಾನೆ. ಆಗ ಇವನು ಇಲ್ಲ ಇಲ್ಲ, ಇವರು ನನಗೆ ಎಷ್ಟು ಚೆನ್ನಾಗಿ ಕಲಿಸಿದಾರೆ ನೋಡಿ ಅಂತ ಅವಳ ಕೈ ಹಿಡಿದು ಶುರು ಮಾಡ್ತಾನೆ. ಆ ಮೊದಲ ಕೆಲವು ಸೆಕೆಂಡ್ ಅವಳ ಮುಖ ನೋಡಿ, ಆಶ್ಚರ್ಯ, ಆಮೇಲೆ ಅರ್ಥ ಆಗೋದು, ಆಮೇಲೆ ಅವನ ಆಟಕ್ಕೆ ಇಳಿಯೋದು, ಎಲ್ಲ ಕುಣೀತಾನೇ. ಡ್ಯಾನ್ಸ್ ಫ್ಲೋರ್ ಸುತ್ತ ಗಿಡ್ಡ ಬೇಲಿ ಇದೆ, ಕೊನೇಲಿ ಇಬ್ರೂ ಅದರ ಮೇಲಿಂದ ಆಚೆ ಈಚೆ ಹಾರ್ತಾರೆ. ಮಾಲೀಕ ಬಾಯಿ ಬಿಟ್ಕೊಂಡು ನಿಂತಿರ್ತಾನೆ.

ಈ ಎರಡೂ ಡ್ಯಾನ್ಸಲ್ಲಿ ಇನ್ನೊಂದು ವಿಷಯ ಗಮನಿಸಿ. ಅವನು ಮಾಡಿದ್ದನ್ನೆಲ್ಲ ಜಿಂಜರ್ ಹಿಂದಕ್ಕೆ ನಡ್ಕೊಂಡು ಹೈ ಹೀಲ್ಸ್ ಹಾಕ್ಕೊಂಡು ಮಾಡಿದ್ಲು ಅಂತ ಒಂದು ಮಾತು ಎಲ್ಲ ಕಡೆ ಓಡಾಡತ್ತೆ, ಅದನ್ನ ಅವಳೇ ಹೇಳಿದ್ದು ಅಂತಾನೂ ಹಾಕ್ತಾರೆ. ಅದು ಬಾಬ್ ಥೇವ್ಸ್ ಅನ್ನೋ ಕಾರ್ಟೂನಿಸ್ಟ್ 1982ರಲ್ಲಿ ಬರೆದ ಒಂದು ಕಾರ್ಟೂನಿಂದ ಬಂದದ್ದು. ಹೆಂಗಸರ ಶ್ರಮಕ್ಕೆ ಬೆಲೆ ಕೊಡೋ ಮಾತು, ನನಗೂ ಇಷ್ಟ. ಆದ್ರೆ ಡ್ಯಾನ್ಸ್ ನೋಡಿದ್ರೆ ಗೊತ್ತಾಗತ್ತೆ, ಸುಮಾರು ಹೊತ್ತು ಇಬ್ರೂ ಅಕ್ಕಪಕ್ಕ ಒಂದೇ ದಿಕ್ಕಿಗೆ ಮುಖ ಮಾಡಿ ಒಂದೇ ಹೆಜ್ಜೆ ಹಾಕ್ತಿರ್ತಾರೆ. ಅವಳ ಹೆಚ್ಚುಗಾರಿಕೆ ಹೀಲ್ಸಲ್ಲಿಲ್ಲ, ಅವಳ ಆಕ್ಟಿಂಗಲ್ಲಿದೆ. 1940ರ ಕಿಟ್ಟಿ ಫಾಯ್ಲ್‌ಗೆ ಬೆಸ್ಟ್ ಆಕ್ಟ್ರೆಸ್ ಆಸ್ಕರ್ ತಗೊಂಡೋಳು ಅವಳು.

ಮೂರನೇದಕ್ಕೆ ಮತ್ತೆ ಟಾಪ್ ಹ್ಯಾಟ್‌ಗೇ ಬನ್ನಿ, ಕೆನ್ನೆಗೆ ಕೆನ್ನೆ ಡ್ಯಾನ್ಸು, ಅಂದ್ರೆ ಚೀಕ್ ಟು ಚೀಕ್. ಇದಕ್ಕೆ ಕಥೆ ಗೊತ್ತಿರಲೇಬೇಕು: ಇವನು ತನ್ನ ಗೆಳತಿಯ ಗಂಡ ಅಂತ ಅವಳು ತಪ್ಪು ತಿಳ್ಕೊಂಡಿದಾಳೆ, ಮನಸ್ಸು ಅವನ ಕಡೆ ಎಳೀತಿದೆ, ಪಾಪಪ್ರಜ್ಞೆ ಈ ಕಡೆ. ಕುಣೀತಾ ಕುಣೀತಾ ಅವಳು ಬೆನ್ನು ಹಿಂದಕ್ಕೆ ಬಾಗಿಸಿ ಅವನ ತೋಳಿಗೆ ಭಾರ ಬಿಡ್ತಾಳಲ್ಲ, ಅದು ಬರೀ ಚೆಂದದ ಭಂಗಿ ಅಲ್ಲ, ಮನಸ್ಸು ಸೋಲೋದು. ಡ್ಯಾನ್ಸ್ ಮುಗಿದ ಮೇಲೂ ಸ್ಕಿಪ್ ಮಾಡ್ಬೇಡಿ, ಗೋಡೆಗೆ ಒರಗಿ ಅವನನ್ನ ನೋಡೋ ಅವಳ ಆ ನೋಟಕ್ಕೆ ಅಷ್ಟೂ ಡ್ಯಾನ್ಸು. ಅವಳು ಹಾಕಿರೋದು ಆಸ್ಟ್ರಿಚ್ ಗರಿಯ ಗೌನು. ಶೂಟಿಂಗಲ್ಲಿ ಗರಿ ಉದುರಿ ಉದುರಿ ಆಸ್ಟೇರ್ ಕಣ್ಣಿಗೆ ಮೂಗಿಗೆ ಹೋಗಿ ದೊಡ್ಡ ರಂಪ ಆಗಿತ್ತು, ಜಿಂಜರ್ ಮಾತ್ರ ಗೌನ್ ಬದಲಾಯಿಸಲ್ಲ ಅಂತ ಕೂತ್ಲು, ಆಮೇಲೆ ಆಸ್ಟೇರ್ ಅವಳನ್ನ ಗರಿ ಅಂತಾನೇ ಕರೀತಿದ್ದ. ನಿಧಾನಕ್ಕೆ ನೋಡಿದ್ರೆ ಒಂದೆರಡು ಗರಿ ಗಾಳೀಲಿ ತೇಲೋದು ಈಗ್ಲೂ ಕಾಣತ್ತೆ. ಆದ್ರೆ ಅವಳು ತಿರುಗಿದಾಗ ಆ ಗರಿಗಳು ಒಂದು ಕ್ಷಣ ತಡವಾಗಿ ತಿರುಗ್ತಾವಲ್ಲ, ಅದನ್ನ ನೋಡಿ, ಅವಳ ಹಠವೇ ಸರಿ ಇತ್ತು.

ಬಟ್ಟೆ ವಿಷಯ ಬಂತಲ್ಲ, 1936ರ ಫಾಲೋ ದ ಫ್ಲೀಟ್‌ನ ಕೊನೇ ಡ್ಯಾನ್ಸೂ ನೋಡಿ. ಮಣಿ ಹೊಲಿದ ಭಾರೀ ಗೌನು, ತೋಳೂ ಭಾರ, ಅವಳು ಗಿರ್ರನೆ ತಿರುಗಿದಾಗ ಆ ತೋಳು ಆಸ್ಟೇರ್ ಮುಖಕ್ಕೆ ಬಡೀತು, ಅದೂ ಮೊದಲನೇ ಟೇಕಲ್ಲೇ. ಆಮೇಲೆ ಟೇಕ್ ಮೇಲೆ ಟೇಕ್ ತಗೊಂಡ್ರು, ಕೊನೆಗೆ ಎಲ್ಲ ನೋಡಿದ್ರೆ ಮೊದಲನೇದೇ ಚೆನ್ನಾಗಿತ್ತು, ಸಿನಿಮಾದಲ್ಲಿ ಅದೇ ಇದೆ. ಇಡೀ ಡ್ಯಾನ್ಸ್ ಒಂದೇ ಶಾಟು, ಏಟು ತಿಂದೋನ ಮುಖದಲ್ಲಿ ಏನಾದ್ರೂ ಕಾಣತ್ತಾ ಹುಡುಕಿ.

ಇಷ್ಟಾದ ಮೇಲೆ ಸ್ವಿಂಗ್ ಟೈಮ್‌ನ ಕೊನೇ ಡ್ಯಾನ್ಸು, ನೆವರ್ ಗೊನ್ನಾ ಡ್ಯಾನ್ಸ್. ಇದನ್ನ ಮೊದಲೇ ನೋಡ್ಬೇಡಿ, ಸಿನಿಮಾ ಪೂರ್ತಿ ನೋಡಿನೇ ಬನ್ನಿ. ಯಾಕಂದ್ರೆ ಈ ಡ್ಯಾನ್ಸ್ ಒಳಗೆ ಹಿಂದಿನ ಹಾಡುಗಳ ತುಣುಕು ವಾಪಸ್ ಬರತ್ತೆ, ಅವ್ರಿಬ್ರ ಇಡೀ ಪ್ರೀತಿನ ನೆನಪು ಮಾಡ್ಕೊಂಡು ಬಿಡಿಸ್ಕೊಳ್ಳೋ ಹಾಗೆ. ಶುರುವಾಗೋದು ಬರೀ ನಡಿಗೆಯಿಂದ, ಖಾಲಿ ಕ್ಲಬ್ಬು, ಹೊಳೆಯೋ ನೆಲ, ಎರಡು ಕಡೆ ಮೆಟ್ಟಿಲು, ಇಬ್ರೂ ತಲೆ ತಗ್ಗಿಸಿ ಪಕ್ಕಪಕ್ಕ ನಡೀತಾರೆ. ನಡಿಗೆ ಯಾವಾಗ ಡ್ಯಾನ್ಸ್ ಆಯ್ತು ಅಂತ ಗೆರೆ ಹಾಕಿ ಹೇಳೋಕೆ ನನಗೆ ಇವತ್ತಿಗೂ ಆಗಿಲ್ಲ. ಕೊನೇಲಿ ಮೆಟ್ಟಿಲು ಹತ್ತಿ ಮೇಲೆ ಗಿರಗಿರ ತಿರುಗಿ ಅವಳು ಹೊರಟೇ ಹೋಗ್ತಾಳೆ, ಅವನು ಒಬ್ಬನೇ ಉಳೀತಾನೆ. ಇದಕ್ಕೆ ಒಂದೇ ದಿನ 40ಕ್ಕೂ ಹೆಚ್ಚು ಟೇಕ್ ಆಯ್ತು, ಜಿಂಜರ್ ಪಾದದಲ್ಲಿ ರಕ್ತ ಬಂದು ಶೂ ಒದ್ದೆ ಆಗಿತ್ತು. ಅದು ಗೊತ್ತಿದ್ದು ಆ ಕೊನೇ ತಿರುಗುಗಳನ್ನ ನೋಡಿ, ಎಲ್ಲೂ ಒಂದು ಚೂರು ನೋವು ಕಾಣಲ್ಲ, ಕಾಣೋದು ಬಿಟ್ಟು ಹೋಗೋ ಸಂಕಟ ಮಾತ್ರ.

ಅದೇ ಸಿನಿಮಾದಲ್ಲಿ ಆಸ್ಟೇರ್ ಮುಖಕ್ಕೆ ಕಪ್ಪು ಬಳ್ಕೊಂಡು ಜಿಂಜರ್ ಇಲ್ಲದೆ ಕುಣಿಯೋ ಒಂದು ನಂಬರ್ ಇದೆ, ಅದು ಬಂದಾಗ ನನಗೆ ಹಿಂಸೆ ಆಗತ್ತೆ, ನಿಮಗೂ ಆಗಬಹುದು. ಕರಿಯ ಡ್ಯಾನ್ಸರ್‌ಗಳಿಂದ ಬಂದ ಟ್ಯಾಪನ್ನ ಬಿಳಿಯರು ಹೀಗೆ ಬಣ್ಣ ಬಳ್ಕೊಂಡು ಮಾಡ್ತಿದ್ದಾಗ ನಿಜವಾದ ಕರಿಯ ಕಲಾವಿದರಿಗೆ ಪೂರ್ತಿ ಪಾತ್ರ ಸಿಗ್ತಿರಲಿಲ್ಲ. ಅದಕ್ಕೇ ಈ ಪಟ್ಟಿ ಜೊತೆ ಇನ್ನೆರಡು ಜೋಡಿ ಸೇರಿಸ್ಕೊಳ್ಳಿ. ಒಂದು, 1935ರ ದ ಲಿಟ್ಲ್ ಕರ್ನಲ್‌ನಲ್ಲಿ ಬಿಲ್ ರಾಬಿನ್ಸನ್ ಮತ್ತೆ ಪುಟ್ಟ ಹುಡುಗಿ ಶರ್ಲಿ ಟೆಂಪಲ್ ಮಾಡೋ ಮೆಟ್ಟಿಲ ಡ್ಯಾನ್ಸ್. ಒಬ್ಬ ಕರಿಯ ಒಂದು ಬಿಳೀ ಮಗುವಿನ ಕೈ ಹಿಡಿಯೋದನ್ನೂ ಅಮೆರಿಕದ ದಕ್ಷಿಣದಲ್ಲಿ ಕತ್ತರಿಸಿ ತೋರಿಸ್ತಿದ್ರು. ಇನ್ನೊಂದು, 1943ರ ಸ್ಟಾರ್ಮಿ ವೆದರ್‌ನಲ್ಲಿ ಫಯಾರ್ಡ್ ಮತ್ತೆ ಹೆರಾಲ್ಡ್ ನಿಕೋಲಸ್, ಅಣ್ಣ ತಮ್ಮ. ದೊಡ್ಡ ಮೆಟ್ಟಿಲ ಮೇಲೆ ಒಬ್ಬರ ತಲೆ ಮೇಲಿಂದ ಒಬ್ರು ಹಾರಿ, ಎರಡೂ ಕಾಲು ಅಗಲಿಸಿ ಮೆಟ್ಟಿಲ ಮೇಲೆ ಬಿದ್ದು, ಕೈ ಊರದೆ ಎದ್ದು, ಇನ್ನೊಂದು ಮೆಟ್ಟಿಲಿಗೆ ಹಾರೋದು. ಇಲ್ಲಿ ಪ್ರೀತಿ ಪ್ರೇಮ ಇಲ್ಲ, ಅಣ್ಣ ಎಲ್ಲಿ ಬೀಳ್ತಾನೆ ಅಂತ ತಮ್ಮನಿಗೆ ನೋಡದೇ ಗೊತ್ತಿದೆ, ಆ ನಂಬಿಕೆನೇ ಜೋಡಿ.

ಆಸ್ಟೇರ್‌ನ ಬೇರೆ ಜೋಡಿಗಳಲ್ಲಿ ಎರಡು ಸಾಕು ಸದ್ಯಕ್ಕೆ. 1940ರ ಬ್ರಾಡ್‌ವೇ ಮೆಲಡಿಯಲ್ಲಿ ಎಲಿನರ್ ಪೊವೆಲ್ ಜೊತೆ ಬಿಗಿನ್ ದ ಬಿಗೀನ್ ಟ್ಯಾಪ್, ಕನ್ನಡಿಯಂಥ ನೆಲದ ಮೇಲೆ ಇಬ್ಬರು ಮಾಸ್ಟರ್‌ಗಳು, ಇದನ್ನ ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಜುಗಲ್ಬಂದಿ. 1953ರ ದ ಬ್ಯಾಂಡ್ ವ್ಯಾಗನ್‌ನಲ್ಲಿ ಸಿಡ್ ಚಾರಿಸ್ ಜೊತೆ ರಾತ್ರಿ ಪಾರ್ಕಲ್ಲಿ ನಡೀತಾ ನಡೀತಾ ಶುರುವಾಗೋ ಡ್ಯಾನ್ಸು, ಒಂದು ಮಾತಿಲ್ಲ. ಅವಳು ಬ್ಯಾಲೆ ಕಲಿತೋಳು, ಗೆರೆಗಳು ಎಷ್ಟು ಶುದ್ಧ ಅಂದ್ರೆ ಪಾಸ್ ಒತ್ತಿ ಎಲ್ಲಿ ನಿಲ್ಲಿಸಿದ್ರೂ ಫೋಟೋ.

ಕೊನೇಗೆ ಇಟ್ಕೊಳ್ಳಿ ಅಂತ ಒಂದಿದೆ. 1937ರ ಶಲ್ ವಿ ಡ್ಯಾನ್ಸ್‌ನಲ್ಲಿ ಫೆರಿ ದೋಣಿ ಮೇಲೆ ನಿಂತು ಆಸ್ಟೇರ್ ಅವಳಿಗೊಂದು ಹಾಡು ಹಾಡ್ತಾನೆ, ನಿನ್ನ ನೆನಪನ್ನ ನನ್ನಿಂದ ಯಾರೂ ಕಿತ್ಕೊಳ್ಳೋಕಾಗಲ್ಲ ಅಂತ ಅದರ ಭಾವ, ಗರ್ಶ್ವಿನ್ ಅಣ್ಣತಮ್ಮಂದಿರ ಹಾಡು. ಹಾಡ್ತಾನೆ ಅಷ್ಟೆ, ಕುಣಿಯಲ್ಲ, ಅವಳು ಕೇಳ್ತಾ ನಿಂತಿರ್ತಾಳೆ. ಆಮೇಲೆ 1939ಕ್ಕೆ ಜೋಡಿ ಬೇರೆ ಆಯ್ತು. 1949ರಲ್ಲಿ ದ ಬಾರ್ಕ್ಲೀಸ್ ಆಫ್ ಬ್ರಾಡ್‌ವೇ ಅನ್ನೋ ಸಿನಿಮಾಗೆ ಜೂಡಿ ಗಾರ್ಲೆಂಡ್ ಬರ್ಬೇಕಿತ್ತು, ಅವಳಿಗೆ ಆಗಲಿಲ್ಲ, ಹಾಗಾಗಿ ಜಿಂಜರ್‌ನ ಕರೆದ್ರು. ಆ ಸಿನಿಮಾದಲ್ಲಿ ಅದೇ ಹಾಡು ಮತ್ತೆ ಬರತ್ತೆ, ಈ ಸಲ ಇಬ್ರೂ ಅದಕ್ಕೆ ಕುಣೀತಾರೆ. ಫೆರಿ ಸೀನ್ ಮೊದಲು ನೋಡಿ, ಅಲ್ಲೇ ನಿಲ್ಲಿಸಿ, ಬೇರೆ ಏನೂ ಹಾಕ್ಕೊಳ್ಳದೇ ನೇರ ಇದಕ್ಕೆ ಬನ್ನಿ. ಅವನು ಹಾಡೋಕೆ ಶುರು ಮಾಡಿದ ತಕ್ಷಣ ಕಣ್ಣನ್ನ ಅವಳ ಮುಖದ ಮೇಲಿಡಿ.